ಮೆಲುಕ ಹಾಕ್ಯಾವೇನ್ರಿ?

ಅವರ ಬಲಗಿವಿಯ ಮೇಲೆ ಯಾವಾಗಲೂ ಉಣ್ಣೆಯ ಒಂದೆರಡು ಎಳೆ ಅಂಟಿಕೊಂಡಿರುತ್ತಿದ್ದವು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ಮೇಲೆ ಪೌಡರಿನ ವಾಸನೆ ಬೇರೆ. ಕಿವಿ ಮಾತ್ರ ಕುರಿಹಟ್ಟಿಯದು. ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದ ಅವರು ಖಾನಾಪುರದ ದನದ ದವಾಖಾನೆಯಲ್ಲಿ ಕಂಪೌಂಡರ್, ಅದೇ ಊರಿನ ಶಾಲೆಯಲ್ಲಿ ನಾನು ಶಿಕ್ಷಕಿ. ಬೆಳಗಾವಿಯಿಂದ ನಾನು ಹತ್ತುವ ಮುಂಜಾನೆಯ ರೈಲನ್ನೇ ಅವರು ದೇಸೂರಿನಲ್ಲಿ ಹತ್ತುತ್ತಿದ್ದರು. ರೈಲಿನ ಡಬ್ಬಿಯಲ್ಲಿ ಹೆಂಗಸರೆಲ್ಲ ಆ ಕಿವಿ ನೋಡಿ ನಗುತ್ತಿದ್ದೆವು. ಕಾಕಾ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಕುರಿಯ ಎಡಮಗ್ಗುಲಿಗೆ ಕಿವಿ ಹಚ್ಚಿದರೆ ಹೊಟ್ಟೆಯ ಸುದ್ದಿಯೆಲ್ಲ ಕೇಳಿಸುತ್ತದೆ, ಉಣ್ಣೆ ಅಂಟಿದರೆ ಅಂಟಲಿ ಎನ್ನುತ್ತಿದ್ದರು. ಅವರ ಅಪ್ಪ, ಅಜ್ಜ ಕುರಿ ಕಾಯ್ದವರು. ಸಂಬಳ ಸರಕಾರದ್ದು, ವಿದ್ಯೆ ಮನೆಯದು.

ನಮ್ಮದು ಜೈನರ ಮನೆ, ಶಿವಬಸವ ನಗರದಲ್ಲಿ. ಒಮ್ಮೆ ಬೆಲ್ಲ ತರಲು ರವಿವಾರ ಪೇಟೆಗೆ ಹೋದ ನನ್ನವ್ವ, ಕಟುಕರ ಕಡೆಗೆ ಹೊರಟಿದ್ದ ಎರಡು ಕುರಿಮರಿಗಳನ್ನು ಬಿಡಿಸಿಕೊಂಡು ಆಟೋದಲ್ಲಿ ಕೂಡಿಸಿಕೊಂಡು ಬಂದಿದ್ದಳು. ಬೆಲ್ಲ ಮರೆತಿದ್ದಳು. ಈ ಸುದ್ದಿ ಕೇಳಿದ ದಿನದಿಂದ ಕಾಕಾ ನನಗೆ ನಮಸ್ಕಾರ ಹೇಳುವುದನ್ನೇ ಬಿಟ್ಟರು. ಡಬ್ಬಿ ಹತ್ತುತ್ತಲೇ ಎಲ್ಲರೆದುರು ಕೇಳುವುದು ಒಂದೇ:

“ಅಕ್ಕೋರ, ಮೆಲುಕ ಹಾಕ್ಯಾವೇನ್ರಿ?”

ಮೆಲುಕು ಹಾಕುವ ಕುರಿಗೆ ಡಾಕ್ಟರು ಬೇಡ, ಮೆಲುಕು ನಿಂತ ಕುರಿಗೆ ತಡ ಮಾಡಬೇಡ. ಅವರ ಶಾಸ್ತ್ರವೆಲ್ಲ ಇಷ್ಟರಲ್ಲೇ ಮುಗಿಯುತ್ತಿತ್ತು. ಕೆಲವು ರವಿವಾರ ಕುರಿ ನೋಡಲು ಮನೆಗೂ ಬರುತ್ತಿದ್ದರು. ಅವರು ಮಾಂಸ ತಿನ್ನುವವರೆಂದು ಅವ್ವ ಅವರ ಚಹಾದ ಕಪ್ಪನ್ನು ಹಿತ್ತಲಿನ ಗೂಡಿನಲ್ಲಿ ಬೇರೆಯಾಗಿ ಇಟ್ಟಿದ್ದಳು. ಕುಡಿದ ಮೇಲೆ ಅವರೇ ತೊಳೆದು ಬೋರಲು ಹಾಕಿ ಹೋಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಆದರೆ ನಾನೂ ಬಾಯಿ ಬಿಡಲಿಲ್ಲ.

ಆ ವರ್ಷ ಅವ್ವ ದಶಲಕ್ಷಣ ಪರ್ವದ ಹತ್ತೂ ದಿನ ಉಪವಾಸ ಮಾಡಿದಳು. ಪಾರಣೆಯ ಮರುದಿನ ಮುಂಜಾನೆ ನೋಡಿದರೆ ಕರಿಮೂತಿಯ ಕುರಿ ಮೂಲೆಯಲ್ಲಿ ಬಿದ್ದುಕೊಂಡು ಹಲ್ಲು ಕಡಿಯುತ್ತಿತ್ತು. ಮೆಲುಕು ಇಲ್ಲ. ನಾನು ಎಂದಿನ ರೈಲು ಹತ್ತಿ, ದೇಸೂರಿನಲ್ಲಿ ಇಳಿದುಬಿಟ್ಟೆ. ಕಾಕಾ ಹತ್ತಲು ಒಂದು ಕಾಲು ಮೇಲಿಟ್ಟಿದ್ದರು. ಮೆಲುಕು ನಿಂತಿದೆ ಎಂದೆ. ಇಟ್ಟ ಕಾಲು ಹಿಂದೆ ತೆಗೆದರು. ನಮ್ಮಿಬ್ಬರ ರಜೆಯ ಸುದ್ದಿಯನ್ನು ಜೊತೆಯವರ ಕೈಯಲ್ಲಿ ಕಳಿಸಿ, ಸಿಕ್ಕ ಟೆಂಪೊ ಹತ್ತಿ ನನ್ನೊಂದಿಗೆ ಬಂದರು.

ಕುರಿಯ ಎಡಮಗ್ಗುಲನ್ನು ಮುಷ್ಟಿಯಿಂದ ಒತ್ತಿದರು. ನಾದಿದ ಹಿಟ್ಟಿನ ಹಾಗೆ ಕುಳಿ ಬಿತ್ತು. ಕಿವಿ ಹಚ್ಚಿ ಬಹಳ ಹೊತ್ತು ಕುಳಿತರು. ಏನು ಹಾಕಿದಿರಿ ಎಂದು ಕೇಳಿದರೆ ಅವ್ವ, ಹುಲ್ಲು ಎಂದಳು. ಕಾಕಾ ಕುರಿಯ ಬಾಯಿ ಮೂಸಿ, ಹುಳಿ ವಾಸನೆ ಎಂದು ಅವಳ ಮುಖ ನೋಡಿದರು. ಅವ್ವ ಕಣ್ಣೀರು ಹಾಕಿದಳು. ಪಾರಣೆಗೆಂದು ಮಾಡಿದ ಗೋಧಿ ಹುಗ್ಗಿಯನ್ನು ತಾನು ಬಾಯಿಗಿಡುವ ಮೊದಲು ಒಂದು ಬೋಗುಣಿ ಈ ಕುರಿಗೆ ಉಣ್ಣಿಸಿದ್ದಳು. ಹಿತ್ತಲಲ್ಲಿ ಜೀವ ಕಾಯುತ್ತಿರುವಾಗ ತಾನೊಬ್ಬಳೇ ಹೇಗೆ ಉಣ್ಣುವುದು ಎಂದು.

“ಕಟುಕರ ಕೈಯಾಗಿಂದ ಬಿಡಿಸಿ ತಂದು ನಾನ ಕೊಂದಂಗಾತಲ್ಲೊ ಯಪ್ಪಾ,” ಎಂದಳು.

ಕಾಕಾ ಬೈಯಲಿಲ್ಲ. ತಿನ್ನುವ ಸೋಡಾ ನೀರಿನಲ್ಲಿ ಕದಡಿ, ಕುರಿಯ ತಲೆ ಮೇಲೆತ್ತದೆ, ಬಾಯಿಯ ಬದಿಯಿಂದ ಸ್ವಲ್ಪ ಸ್ವಲ್ಪವೇ ಬಿಟ್ಟರು. ಅವಸರ ಮಾಡಿದರೆ ನೀರು ಶ್ವಾಸಕ್ಕೆ ಹೋಗುತ್ತದೆ ಎಂದು ನನಗೂ ತೋರಿಸಿದರು. ಎಬ್ಬಿಸಿ ಹಿತ್ತಲಲ್ಲಿ ಮೆಲ್ಲಗೆ ನಡೆಸಿದರು. ಎರಡು ದಿನ ಒಣಹುಲ್ಲು, ನೀರು ಬಿಟ್ಟರೆ ಏನೂ ಕೊಡಬಾರದು ಎಂದರು. ಅದನ್ನು ಕೇಳಿ ಅವ್ವನ ಮುಖ ಇನ್ನೂ ಸಣ್ಣದಾಯಿತು. ಹತ್ತು ದಿನ ಹಸಿದವಳಿಗೆ ಕುರಿಯ ಎರಡು ದಿನ ಸಹಿಸಲಾಗಲಿಲ್ಲ. ಅದು ರೊಟ್ಟಿಗೆ ಒದರಿದರೆ ನನ್ನ ಕೈ ನಿಲ್ಲುವುದಿಲ್ಲ ಎಂದಳು.

ಕಾಕಾ ಅವಳೆದುರು ನೆಲದ ಮೇಲೆ ಕುಳಿತು ಮೆಲ್ಲಗೆ ಹೇಳಿದರು:

“ಅವ್ವಾರ, ಉಪವಾಸ ನಿಮಗ ಹೊಸಾದೇನ್ರಿ? ನಿಮ್ಮ ವ್ರತದಾಗ ಎರಡ ದಿನಾ ಇದಕ್ಕ ಕೊಡ್ರಿ.”

ಅವ್ವ ಕಣ್ಣೊರೆಸಿಕೊಂಡು ಎದ್ದು ಹುಗ್ಗಿಯ ಪಾತ್ರೆಯನ್ನು ಒಳಗೆ ಮುಚ್ಚಿಟ್ಟಳು. ಸೋಡಾ ಇನ್ನೆರಡು ಸಲ ಹಾಕಿದ್ದಾಯಿತು. ಮಧ್ಯಾಹ್ನ ದಾಟಿತು, ಕಾಕಾ ಅಲ್ಲಾಡಲಿಲ್ಲ. ಇಳಿಹೊತ್ತಿಗೆ ಕುರಿಯ ಗಂಟಲಲ್ಲಿ ಮೇವಿನ ಒಂದು ಉಂಡೆ ಮೇಲೇರಿತು, ಕೆಳದವಡೆ ಪಕ್ಕಕ್ಕೆ ಸರಿದು ಅರೆಯತೊಡಗಿತು. ಅಷ್ಟು ಸೊಗಸಾದ ನೋಟವನ್ನು ನಾನು ಮತ್ತೆ ಕಂಡಿಲ್ಲ. ಅವ್ವ ಒಳಗೆ ಹೋಗಿ, ತೀರಿಹೋದ ನನ್ನಪ್ಪ ಊಟ ಮಾಡುತ್ತಿದ್ದ ತಾಟಿನಲ್ಲಿ ಹುಗ್ಗಿ ಬಡಿಸಿ ತಂದು ಕಾಕಾನ ಮುಂದಿಟ್ಟಳು. ಅವರು ತಾಟು ನೋಡಿದರು, ಅವಳನ್ನು ನೋಡಿದರು, ನನಗೂ ಒಣಹುಲ್ಲೇ ಸಾಕಾಗಿತ್ತು ಎಂದು ನಗುತ್ತ ಕೈ ತೊಳೆದರು. ಗೂಡಿನ ಕಪ್ಪು ಮರುದಿನ ಒಳಗಿನ ಕಪ್ಪುಗಳ ಸಾಲಿಗೆ ಬಂತು.

ಮೂರ್ನಾಲ್ಕು ವರ್ಷದ ನಂತರ ಒಂದು ವಾರ ಕಾಕಾ ರೈಲು ಹತ್ತಲಿಲ್ಲ. ಜ್ವರವಿರಬಹುದು ಎಂದುಕೊಂಡು ನಾನು ಸುಮ್ಮನಿದ್ದೆ. ಮೆಲುಕು ನಿಂತರೆ ತಡ ಮಾಡಬೇಡ ಎಂದು ದಿನಾ ಹೇಳಿಸಿಕೊಂಡವಳು, ಒಮ್ಮೆಯೂ ದೇಸೂರಿನಲ್ಲಿ ಇಳಿದು ವಿಚಾರಿಸಲಿಲ್ಲ. ಎಂಟನೆಯ ದಿನ ಡಬ್ಬಿಯಲ್ಲಿ ಯಾರೋ ಹೇಳಿದರು, ಕಾಕಾ ತೀರಿಕೊಂಡರು, ಮಣ್ಣು ಕೂಡ ಆಗಿಹೋಯಿತು ಎಂದು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಹೊತ್ತು ಮುಳುಗುವ ಮೊದಲೇ ಉಣ್ಣುವವಳು ಅಂದು ಒಲೆ ಹಚ್ಚಲಿಲ್ಲ. ಹಿತ್ತಲಿಗೆ ಹೋಗಿ ಕುರಿಗಳಿಗೆ ಒಣಹುಲ್ಲು ಹಾಕಿ, ಕರಿಮೂತಿಯ ಕುರಿಯ ಎಡಮಗ್ಗುಲಿಗೆ ಕಿವಿ ಹಚ್ಚಿ ಕುಳಿತಳು. ಉಣ್ಣಲು ನಾನೇ ಏನಾದರೂ ಮಾಡಲೇ ಎಂದು ಕೇಳಿದೆ.

“ಈ ಒಂದ ದಿನಾ ಅವರಿಗೆ,” ಎಂದಳು.

ಎದ್ದು ಬಂದಾಗ ಅವಳ ಕಿವಿಯ ಮೇಲೆ ಉಣ್ಣೆಯ ಎಳೆ ಅಂಟಿತ್ತು. ನಾನು ಒರೆಸಲು ಹೋಗಲಿಲ್ಲ.