ಬಡತನ ತಪಾಸಣೆಯ ವಿಶ್ವನಾಥಪ್ಪನವರು

ವಿಶ್ವನಾಥಪ್ಪನವರನ್ನು ನಾನು ಮೊದಲು ಕಂಡದ್ದು ೧೯೬೯ರ ಒಂದು ಭಾನುವಾರ, ನಾಸಿಕದಲ್ಲಿ ನಮ್ಮ ಕನ್ನಡಿಗರ ಸಂಘದ ಬಾಡಿಗೆ ಕೋಣೆಯಲ್ಲಿ. ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಧೋತರ, ಕಿಸೆಯಲ್ಲಿ ಎರಡು ಪೆನ್ನು. ನಾನು ಬಿ.ಎ. ಎಂದು ತಿಳಿದೊಡನೆ, "ಛಲೋ ಆತು, ನಾ ನೋಡತೀನಿ, ನೀವು ಬರಕೋರಿ" ಎಂದು ನೋಟುಬುಕ್ಕು ಕೈಗಿತ್ತರು. ಬೀದರ ಕಡೆಯ ಈ ಹಿರಿಯರು ಸಂಘದ ಸಹಾಯ ಸಮಿತಿಯ ಕಾರ್ಯದರ್ಶಿ. ಬಡ ಕುಟುಂಬಗಳಿಗೆಂದು ಹೋಟೆಲಿನವರ ಬಳಿ ಅಕ್ಕಿ ಬೇಡುವಾಗ, "ಎದುರಿನವರು ಎರಡು ಚೀಲ ಕೊಟ್ಟಾರ, ನಿಮ್ಮದು ಸಣ್ಣ ಹೋಟೆಲ್, ಒಂದು ಸಾಕ್ರಿ" ಎನ್ನುವರು. ಮೂರು ಚೀಲ ಬರುತ್ತಿತ್ತು. ಹಂಚುವಾಗ ಮಾತ್ರ ಬಲು ಬಿಗಿ. ಅರ್ಜಿ ಹಾಕಿದವರ ಅಡುಗೆಮನೆಗೆ ಹೋಗಿ ಪ್ರತಿ ಡಬ್ಬಿಯ ಮುಚ್ಚಳ ತೆಗೆದು ನೋಡುವರು. ಒಂದು ಹಿಡಿ ತೊಗರಿ ಹೆಚ್ಚಿಗೆ ಕಂಡರೆ, "ಇವರಿನ್ನೂ ಪೂರ್ತಿ ಬಡವರಾಗಿಲ್ರಿ, ಮುಂದಿನ ತಿಂಗಳು ನೋಡೂಣು" ಎನ್ನುವರು. ಒಮ್ಮೆ ಕಾರ್ಖಾನೆಗಳಿರುವ ಸಾತಪುರದಲ್ಲಿ ರುಕ್ಮಿಣಿಬಾಯಿ ಎಂಬಾಕೆಯ ಮನೆಗೆ ಹೋದೆವು. ಯಂತ್ರಕ್ಕೆ ಸಿಕ್ಕು ಆಕೆಯ ಗಂಡನ ಕೈ ಹೋಗಿತ್ತು. ಸಂಘದ ಅಕ್ಕಿಯಿಲ್ಲದೆ ಮಕ್ಕಳಿಗೆ ಊಟವಿಲ್ಲವೆಂದು ಅರ್ಜಿಯಲ್ಲಿತ್ತು. ಆದರೆ ಡಬ್ಬಿಗಳೆಲ್ಲ ತುಂಬಿದ್ದವು. ಈ ಅರ್ಜಿ ಬಿದ್ದುಹೋಯಿತು ಎಂದುಕೊಂಡೆ. ವಿಶ್ವನಾಥಪ್ಪನವರು ಕನ್ನಡಕ ಏರಿಸಿ, ಡಬ್ಬಿಗಳ ಮೇಲೆ ಕೊರೆಸಿದ್ದ ಹೆಸರುಗಳನ್ನು ಓದಿದರು. ಒಂದೂ ರುಕ್ಮಿಣಿಬಾಯಿಯದಲ್ಲ, ಎಲ್ಲವೂ ನೆರೆಮನೆಗಳ ಹೆಂಗಸರ ಹೆಸರುಗಳು. ನಮ್ಮೆದುರು ಮಾನ ಉಳಿಯಲೆಂದು ಆಕೆ ಕೇಳಿ ತಂದಿಟ್ಟಿದ್ದಳು. ಅವರು ಮುಚ್ಚಳಗಳನ್ನು ಮೆಲ್ಲಗೆ ಮುಚ್ಚಿ, "ಮನಿ ಛಂದ ಇಟ್ಟೀರಿ, ತಂಗಿ" ಎಂದರು. ಹೊರಗೆ ಬಂದ ಮೇಲೆ ನನಗೆ, "ಬರಕೋರಿ, ಎಲ್ಲಾ ಡಬ್ಬಿ ಖಾಲಿ" ಎಂದರು. ಅಂದಿನಿಂದ ಅವರು ಯಾರ ಅಡುಗೆಮನೆಗೂ ಹೋಗದೆ, ಬಾಗಿಲ ಹೊರಗೇ ಕುಳಿತು ಅರ್ಜಿ ಬರೆಸುತ್ತಿದ್ದರು.