ಬೂದು ಹೇಟೆ

ಕಾಳಗದ ಹುಂಜ ಬೇಕೆಂದು ಬಂದವರಿಗೆಲ್ಲ ನಮ್ಮ ಮಾವ ಹುಂಜ ಮಾರುತ್ತಿದ್ದರು. ಹೇಟೆಯನ್ನು ಮಾತ್ರ ಯಾರು ಎಷ್ಟು ಗೋಗರೆದರೂ ಕೊಟ್ಟವರಲ್ಲ. "ಜನ ಹುಂಜದ ಗರಿ ನೋಡಿ ಮರುಳಾಗ್ತಾರೆ. ಕೆಚ್ಚು ಬರೋದು ತಾಯಿಂದ," ಎನ್ನುತ್ತಿದ್ದರು. ಹಿತ್ತಲಲ್ಲಿ ಹುಂಜಕ್ಕೊಂದು ಗೂಡು. ಒಂದರ ಮುಖ ಇನ್ನೊಂದಕ್ಕೆ ಕಂಡರೆ ತಂತಿಗೆ ಹಾರಿ ರಕ್ತ ಮಾಡಿಕೊಳ್ಳುತ್ತವೆಂದು ನಡುನಡುವೆ ಹಲಗೆ ಹೊಡೆದಿದ್ದರು. ನಾನು ಸೊಸೆಯಾಗಿ ಬರುವ ಮೊದಲೇ ರೋಗ ಬಂದು ಹೇಟೆಗಳೆಲ್ಲ ಸತ್ತು, ಬೂದು ಬಣ್ಣದ್ದೊಂದೇ ಉಳಿದಿತ್ತಂತೆ. ಅದನ್ನು ಆಗ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಒಂದು ಮಧ್ಯಾಹ್ನ ಮಾವ ಇಲ್ಲದಾಗ ನೆಂಟರು ಬಂದರು. ಹುಂಜ ಮುಟ್ಟುವ ಧೈರ್ಯ ನನಗಿರಲಿಲ್ಲ. ಬೂದು ಹೇಟೆ ಮೊಟ್ಟೆ ಇಟ್ಟು ತಿಂಗಳಾಗಿತ್ತು, ಗರಿ ಉದುರಿ ಬೋಳಾಗಿತ್ತು. ಇನ್ನು ತಿನ್ನೋದಕ್ಕೆ ಮಾತ್ರ ಸರಿ ಎಂದುಕೊಂಡು ಕೊಯ್ದು ಸಾರು ಮಾಡಿದೆ.

ಮಾವ ಬಂದವರು ತಿಪ್ಪೆಯ ಮೇಲಿನ ಬೂದು ಗರಿ ನೋಡಿ ಅಲ್ಲೇ ಕುಳಿತುಬಿಟ್ಟರು.

"ಮೊಟ್ಟೆ ಇಡ್ತಿರ್ಲಿಲ್ಲ, ಮಾವ," ಎಂದೆ.

"ಗರಿ ಬದಲಾಗೋವಾಗ ಯಾವುದೂ ಇಡಲ್ಲಮ್ಮ. ಇನ್ನೊಂದು ತಿಂಗಳಿಗೆ ಇಡ್ತಿತ್ತು."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಷ್ಟರಲ್ಲಿ ಗೂಡುಗಳಿಂದ ಹುಂಜಗಳು ಒಂದಾದ ಮೇಲೊಂದು ಕೂಗಿದವು. ನನಗೆ ಹೋದ ಜೀವ ಬಂದಂತಾಯಿತು.

"ಅದರ ಮರಿಗಳು ಇಷ್ಟೊಂದಿವೆಯಲ್ಲ, ಮಾವ?"

"ಇವೆಯಮ್ಮ," ಎಂದರು. "ಎಲ್ಲ ಗಂಡು."