ಗೇಟಿನ ಬಳಿಯ ಸ್ಟೂಲು

ಸೀತಾಂಗೋಳಿ ಸಮೀಪದ ಒಂದು ಕಾರ್ಖಾನೆಯ ಗೇಟು ಕಾಯುವ ಗ್ರೆಗರಿಯವರು ಮೊದಲು ಮೂವತ್ತು ವರ್ಷ ತಾಲೂಕು ಆಫೀಸಿನಲ್ಲಿ ಪ್ಯೂನ್ ಆಗಿದ್ದವರು. ಅಲ್ಲಿ ಅರ್ಜಿ ಹಿಡಿದು ಬಂದವರಿಗೆಲ್ಲ "ಸಾರ್ ಮೀಟಿಂಗಲ್ಲಿದ್ದಾರೆ, ಕೂತ್ಕೊಳ್ಳಿ" ಎನ್ನುತ್ತಿದ್ದರು. ಇಲ್ಲಿಯೂ ಅದೇ ಮಾತು, ಅದೇ ಗತ್ತು. ಕಾಗೆ ಹಾರಿ ಒಳಗೆ ಹೋದರೂ ಅದರ ಹೆಸರು, ಬಂದ ಉದ್ದೇಶ ರಿಜಿಸ್ಟರಿನಲ್ಲಿ ಬರೆಸದೆ ಬಿಡುವವರಲ್ಲ. ಮೊನ್ನೆ, ಕಾರ್ಖಾನೆಯ ಹೊಲಸು ನೀರು ತೋಡಿಗೆ ಬರುತ್ತದೆಂಬ ದೂರಿನ ಮೇಲೆ ತಹಶೀಲ್ದಾರರೇ ಜೀಪಿನಲ್ಲಿ ಬಂದರು. ಗ್ರೆಗರಿಯವರು ರಿಜಿಸ್ಟರು ಚಾಚಿದರು. ತಹಶೀಲ್ದಾರರು ಉದ್ದೇಶದ ಕಾಲಮ್ಮಿನಲ್ಲಿ 'ತಪಾಸಣೆ' ಎಂದು ಬರೆದರು. "ಮೇನೇಜರ್ ಮೀಟಿಂಗಲ್ಲಿದ್ದಾರೆ ಸಾರ್." "ಎಷ್ಟು ಹೊತ್ತಾಗ್ತದೆ?" "ಅದು ನಂಗೆ ಹೇಳ್ಲಿಕ್ಕೆ ಆಗುದಿಲ್ಲ." ಸರಕಾರ ಬಿಸಿಲಿನಲ್ಲಿ ನಿಂತಿತು. ಗ್ರೆಗರಿಯವರು ತಮ್ಮ ಸ್ಟೂಲನ್ನು ಕರವಸ್ತ್ರದಿಂದ ಒರೆಸಿ ಮುಂದಿಟ್ಟರು. 'ಕೂತ್ಕೊಳ್ಳಿ' ಎನ್ನಲು ಮಾತ್ರ ಬಾಯಿ ಬರಲಿಲ್ಲ.